ಬೆಂಕಿ ಕಾಯುವ ಕೆಲಸ

ಬೆಂಕಿ ಕಾಯುವ ಕೆಲಸ ಸಿಕ್ಕಿದೆ ಎಂದು ಹೇಳಿದಾಗ ಅವ್ವ ನಕ್ಕುಬಿಟ್ಟಳು. "ಅದಕ್ಕೆ ಕೊಡಗಿನ ತನಕ ಯಾಕೆ ಹೋಗಬೇಕು? ಹಿತ್ತಲಲ್ಲೇ ಬ್ಯಾರನ್ ಇದೆಯಲ್ಲ" ಎಂದಳು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ನಮ್ಮದು ಹುಣಸೂರು ತಾಲ್ಲೂಕಿನ ಹೊಗೆಸೊಪ್ಪಿನ ಊರು. ಆಗಸ್ಟ್ ಬಂತೆಂದರೆ ಪ್ರತಿ ಬ್ಯಾರನ್ನಿನ, ಅಂದರೆ ಸೊಪ್ಪು ಒಣಗಿಸುವ ಗೂಡಿನ, ಮುಂದೆ ಯಾರಾದರೊಬ್ಬರು ರಾತ್ರಿಯಿಡೀ ಒಲೆಬಾಯಿಗೆ ಸೌದೆ ನೂಕುತ್ತಾ ಕೂತಿರುತ್ತಾರೆ. ಸೊಪ್ಪು ಹಳದಿಗೆ ತಿರುಗುವಾಗ ಒಂದು ಹದ, ಎಲೆ ಒಣಗುವಾಗ ಇನ್ನೊಂದು, ಕೊನೆಗೆ ನಡುದಂಟು ಒಣಗಲು ಫ್ಯಾರನ್‌ಹೀಟ್ 160ರ ತನಕ. ನಡುವೆ ಒಂದು ಜಾವ ಕಣ್ಣು ಮುಚ್ಚಿದರೂ ಗೂಡಿನ ಸೊಪ್ಪೆಲ್ಲ ಹಾಳು. ಹತ್ತನೇ ತರಗತಿಯಿಂದ ನಾನು ಆ ಕೆಲಸ ಮಾಡಿದವನು. ಬೆಂಕಿಯ ಬಗ್ಗೆ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ಸಣ್ಣ ಜಂಬ ಒಳಗೆ ಇತ್ತು. ಅದನ್ನು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ, ಮುಂದೆ ಬೇಕಾಗುತ್ತದೆ.

ಕಾಯುವುದು ಎಂಬ ಮಾತಿಗೆ ನಮ್ಮಲ್ಲಿ ಎಷ್ಟು ಅರ್ಥ ನೋಡಿ. ಕಾವಲಿರುವುದೂ ಕಾಯುವುದೇ, ದಾರಿ ನೋಡುತ್ತಾ ಕೂರುವುದೂ ಕಾಯುವುದೇ, ಒಲೆಯ ಮೇಲಿನ ಹೆಂಚು ಬಿಸಿಯಾಗುವುದೂ ಕಾಯುವುದೇ. ನಾನು ಕೊಡಗಿನ ಬ್ರಹ್ಮಗಿರಿ ಕಾಡಿಗೆ ಹೋದದ್ದು ಮೊದಲನೆಯದಕ್ಕೆ. ಅಲ್ಲಿ ಬಹುಪಾಲು ದಿನ ಮಾಡಿದ್ದು ಎರಡನೆಯದು. ಮೂರನೆಯದರ ಬಿಸಿ ಮೂರನೇ ವಾರದಲ್ಲಿ ತಟ್ಟಿತು.

ಕೆಲಸ ಸಿಕ್ಕಿದ ಬಗೆ ದೊಡ್ಡ ಕತೆಯೇನೂ ಅಲ್ಲ. ಬಿ.ಎಸ್ಸಿ. ಮುಗಿಸಿ ಎರಡು ವರ್ಷ ಸ್ಪರ್ಧಾತ್ಮಕ ಪರೀಕ್ಷೆಗಳ ಹೆಸರಿನಲ್ಲಿ ಮನೆಯ ಅನ್ನ ಉಂಡಿದ್ದೆ. ಕುಟ್ಟದ ಕಡೆ ಜೀಪು ಓಡಿಸುವ ದೂರದ ಸಂಬಂಧಿಯೊಬ್ಬರು, ಬ್ರಹ್ಮಗಿರಿ ವನ್ಯಜೀವಿ ಧಾಮದಲ್ಲಿ ಬೇಸಿಗೆಗೆ ಫೈರ್ ವಾಚರ್‌ಗಳು ಬೇಕಂತೆ, ದಿನಗೂಲಿ, ಬರುತ್ತೀಯಾ ಎಂದು ಕೇಳಿದರು. ಎಷ್ಟು ದಿನದ ಕೆಲಸ ಎಂದರೆ "ಜನವರಿ ಕೊನೆಯಿಂದ ಮಳೆ ಬೀಳುವವರೆಗೆ" ಎಂದರು. ಕೊನೆಯ ದಿನಾಂಕವನ್ನು ಮೋಡಕ್ಕೆ ಬಿಟ್ಟಿದ್ದ ಕೆಲಸ. ಅದೊಂದೇ ಕಾರಣಕ್ಕೆ ಒಪ್ಪಿಕೊಂಡೆ ಎಂದರೂ ನಡೆದೀತು.

ಹುಣಸೂರಿನಿಂದ ಗೋಣಿಕೊಪ್ಪದ ಬಸ್ಸು ಹತ್ತಿದೆ. ಆನೆಚೌಕೂರು ದಾಟಿದ ಮೇಲೆ ರಸ್ತೆಯ ಎರಡೂ ಬದಿ ನಾಗರಹೊಳೆಯ ಕಾಡು, ಅದರ ಅಂಚಿನಲ್ಲಿ ಗೋಡೆ ಕಟ್ಟಿದಂತೆ ಲಂಟಾನ. ಮತ್ತಿಗೋಡು ಆನೆ ಶಿಬಿರದ ಹತ್ತಿರ ಎಲ್ಲರೂ ಎಡಬಲಕ್ಕೆ ಕತ್ತು ಚಾಚಿದರು, ಕಂಡದ್ದು ಸೊಪ್ಪು ಹೇರಿಕೊಂಡು ಹೋಗುತ್ತಿದ್ದ ಒಂದು ಟ್ರ್ಯಾಕ್ಟರ್. ತಿತಿಮತಿಯ ನಂತರ ವಾಸನೆ ಬದಲಾಯಿತು. ಕಾಫಿ ಕೊಯ್ಲಿನ ಕಾಲ. ಕಣಗಳಲ್ಲಿ ಹರಡಿದ ಹಣ್ಣಿನ ಹುಳಿಹುಳಿ ಘಾಟು ಬಸ್ಸಿನೊಳಗೆಲ್ಲ ತುಂಬಿಕೊಂಡಿತು. ಬಸ್ಸಿನಲ್ಲಿದ್ದ ಅರ್ಧ ಜನ ಕೊಯ್ಲಿಗೆ ಹೊರಟವರೇ. ಕಂಡಕ್ಟರ್ ನನ್ನನ್ನೂ "ಯಾವ ತೋಟ?" ಎಂದು ಕೇಳಿದರು. ತೋಟವಲ್ಲ, ಕಾಡು ಎಂದೆ. ಅವರು ನನ್ನ ಬೂಟು ನೋಡಿದರು, ಮುಖ ನೋಡಿದರು, ಮುಂದಿನ ಸೀಟಿಗೆ ಹೋದರು.

ಗೋಣಿಕೊಪ್ಪದಲ್ಲಿ ಬಸ್ಸು ಬದಲಿಸಿ ಪೊನ್ನಂಪೇಟೆ, ಹುದಿಕೇರಿ, ಶ್ರೀಮಂಗಲ ದಾಟಿ, ಇರ್ಪುವಿನ ತಿರುವಿನಲ್ಲಿ ಇಳಿದೆ. ಅಲ್ಲಿಂದ ನಡಿಗೆ. ಗದ್ದೆಯ ಬಯಲಿನಾಚೆ ರಾಮೇಶ್ವರ ದೇವಸ್ಥಾನ, ಅದರ ಮೇಲೆ ಜಲಪಾತ. ದೇವಸ್ಥಾನದ ಬದಿಯಲ್ಲಿ ಹರಿಯುತ್ತಿದ್ದ ನೀರಿಗೆ ಕಾಲಿಟ್ಟವನು ಚಳಿಗೆ ಬೆಚ್ಚಿ ಹಿಂದೆಗೆದೆ. ತಳದ ಒಂದೊಂದು ಕಲ್ಲೂ ಎಣಿಸುವಷ್ಟು ತಿಳಿ. ಪಕ್ಕದ ಫಲಕದಲ್ಲಿ ಲಕ್ಷ್ಮಣತೀರ್ಥ ಎಂದು ಬರೆದಿತ್ತು.

ಲಕ್ಷ್ಮಣತೀರ್ಥ ನಮ್ಮೂರಿನ ಹೊಳೆ. ಹುಣಸೂರು ಪೇಟೆಯ ಸೇತುವೆಯ ಕೆಳಗೆ ಜೊಂಡು, ಪ್ಲಾಸ್ಟಿಕ್ಕು, ಹಸಿರು ನೀರಿನ ನಡುವೆ ಹರಿದೂ ಹರಿಯದಂತೆ ಸಾಗಿ, ಕೊನೆಗೆ ಕನ್ನಂಬಾಡಿ ಕಟ್ಟೆಯ ಹಿನ್ನೀರು ಸೇರುವ ಅದೇ ಹೊಳೆ. ಸೀತೆಯನ್ನು ಹುಡುಕುತ್ತಾ ಬಂದ ರಾಮನಿಗೆ ಬಾಯಾರಿಕೆಯಾಗಿ, ಲಕ್ಷ್ಮಣ ಬ್ರಹ್ಮಗಿರಿಗೆ ಬಾಣ ಬಿಟ್ಟು ನೀರು ಚಿಮ್ಮಿಸಿದ ಕತೆಯನ್ನು ಅಜ್ಜಿ ಹೇಳುತ್ತಿದ್ದಳು. ಆಗೆಲ್ಲ, ಈ ನೀರನ್ನು ಕುಡಿದ ರಾಮನಿಗೆ ಆಮೇಲೆ ಏನಾಯಿತೋ ಎಂದುಕೊಳ್ಳುತ್ತಿದ್ದೆ. ಬಾಣ ತಾಗಿದ ಜಾಗವನ್ನು ನೋಡಿದ ಮೇಲೆ ಕತೆಯ ಮೇಲೆ ಸ್ವಲ್ಪ ಗೌರವ ಬಂತು.

ನನ್ನನ್ನು ಕರೆದೊಯ್ಯಲು ಅರವತ್ತರ ಆಸುಪಾಸಿನ ಒಬ್ಬರು ಬಂದಿದ್ದರು. ಕುಟ್ಟದ ಹತ್ತಿರದ ಹಾಡಿಯ ಯರವ ಬುಡಕಟ್ಟಿನವರು. ಶಿಬಿರದಲ್ಲಿ ಎಲ್ಲರಿಗೂ ಅವರು ಮಾವ. ನಾನೂ ಎರಡನೇ ದಿನದಿಂದ ಹಾಗೇ ಕರೆದೆ. ಅವರು ಮಾತ್ರ ಕೊನೆಯವರೆಗೂ ನನ್ನನ್ನು ನನ್ನ ಹೆಸರಿನಿಂದ ಕರೆಯಲಿಲ್ಲ, "ಹುಣಸೂರು" ಎಂದೇ ಕರೆದರು. ಮಾವ ಮೊದಲು ನೋಡಿದ್ದು ನನ್ನ ಬ್ಯಾಗನ್ನು. ಅದು ಗಾಲಿ ಇರುವ, ಹಿಡಿ ಎಳೆದು ಉರುಳಿಸಿಕೊಂಡು ಹೋಗುವ ಬ್ಯಾಗು, ತಂಗಿಯ ಹಾಸ್ಟೆಲ್ಲಿನದು. ಅವರು ಏನೂ ಅನ್ನಲಿಲ್ಲ. ಗೋಣಿಹಗ್ಗ ಬಿಚ್ಚಿ ಬ್ಯಾಗಿಗೆ ಎರಡು ಸುತ್ತು ಬಿಗಿದು ತಮ್ಮ ಬೆನ್ನಿಗೆ ಏರಿಸಿಕೊಂಡರು. ಉಪ್ಪು, ಬೇಳೆ, ಒಣಮೀನಿನ ಸಣ್ಣ ಚೀಲವನ್ನು ನನ್ನ ಕೈಗೆ ಕೊಟ್ಟರು. ದಾರಿಯುದ್ದಕ್ಕೂ ನಾನು ನೋಡಿದ್ದು ನನ್ನ ಕಣ್ಣಿನ ಎತ್ತರದಲ್ಲಿ, ಅವರ ಒಂದೊಂದು ಹೆಜ್ಜೆಗೂ ಗಾಳಿಯಲ್ಲಿ ಅರ್ಧರ್ಧ ಸುತ್ತು ತಿರುಗುತ್ತಿದ್ದ ಆ ಎರಡು ಗಾಲಿಗಳನ್ನು.

ಮೊದಲರ್ಧ ದಟ್ಟ ಕಾಡು. ಹಗಲು ಹನ್ನೊಂದಕ್ಕೇ ಸಂಜೆಯ ಬೆಳಕು. ತಲೆಯ ಮೇಲೆ ಎಲ್ಲೋ ಯಾರೋ ಜೋರಾಗಿ ಚಾಪೆ ಕೊಡವಿದಂಥ ಸದ್ದಾಯಿತು. ಮಂಗಟ್ಟೆ ಹಾರಿದ್ದು ಎಂದರು ಮಾವ. ಆ ಮೇಲೆ, ಮನೆಯ ನಡುಕೋಣೆಯಿಂದ ಒಂದೇ ಹೆಜ್ಜೆಗೆ ಅಂಗಳಕ್ಕೆ ಬಿದ್ದ ಹಾಗೆ, ಕಾಡು ನಿಂತು ಹುಲ್ಲು ಶುರುವಾಯಿತು. ಗುಡ್ಡದ ಬೆನ್ನಿನ ಮೇಲೆಲ್ಲ ಹುಲ್ಲು, ಮಡಿಕೆಗಳಲ್ಲಿ ಮಾತ್ರ ಕಾಡು. ಒಂದೊಂದು ಮಡಿಕೆಯಲ್ಲೂ ಒಂದು ಕೊಲ್ಲಿ, ಕೊಲ್ಲಿಯಲ್ಲಿ ನೀರು. ಪುಸ್ತಕದಲ್ಲಿ ಇದಕ್ಕೆ ಶೋಲಾ ಕಾಡು ಎನ್ನುತ್ತಾರೆ. ಹುಲ್ಲು ಆಗಲೇ ಒಣಗಿ, ಹೊಗೆಸೊಪ್ಪು ಹದಕ್ಕೆ ಬಂದಾಗಿನ ಬಣ್ಣಕ್ಕೆ ತಿರುಗಿತ್ತು. ನನಗೆ ಖುಷಿಯಾಯಿತು, ಆ ಬಣ್ಣ ಕಂಡರೆ ನಮಗೆ ದುಡ್ಡು ನೆನಪಾಗುತ್ತದೆ. ಮಾವ ಒಂದು ಎಸಳು ಕಿತ್ತು ಬೆರಳಲ್ಲಿ ಮಡಚಿದರು. ಅದು ಲಟಕ್ಕನೆ ಮುರಿಯಿತು. "ಬೇಗ ಒಣಗಿದೆ" ಎಂದರು. ಆ ದಿನ ಅವರು ಆಡಿದ ಅತಿ ಉದ್ದದ ಮಾತು ಅದು.

ಬ್ರಹ್ಮಗಿರಿ ಶಿಖರ 1,608 ಮೀಟರ್ ಎತ್ತರ. ಅದರ ಏಣಿನ ಆಚೆ ಕೇರಳದ ವಯನಾಡು, ತಿರುನೆಲ್ಲಿಯ ದೇವಸ್ಥಾನ. ಈಚೆ ದಕ್ಷಿಣ ಕೊಡಗು. 1974ರಲ್ಲಿ ಇದನ್ನು ವನ್ಯಜೀವಿ ಧಾಮವೆಂದು ಘೋಷಿಸಿದರು, ವಿಸ್ತೀರ್ಣ 181 ಚದರ ಕಿಲೋಮೀಟರ್. ಈ ಅಂಕಿಗಳನ್ನು ನಾನು ಹೋಗುವ ಮೊದಲೇ ಪರೀಕ್ಷೆಗೆ ಓದಿಕೊಳ್ಳುವವನಂತೆ ಬಾಯಿಪಾಠ ಮಾಡಿದ್ದೆ. ಅವುಗಳಲ್ಲಿ ಒಂದನ್ನೂ ಅಲ್ಲಿ ಯಾರೂ ಕೇಳಲಿಲ್ಲ.

ಶಿಬಿರವೆಂದರೆ ತಗಡಿನ ಮಾಡಿನ ಎರಡು ಕೋಣೆ. ಸುತ್ತ ಆನೆ ದಾಟದಂತೆ ತೋಡಿದ ಕಂದಕ, ಅದರ ಮೇಲೆ ಎರಡು ಮರದ ದಿಮ್ಮಿ. ಕತ್ತಲಾಗುತ್ತಲೇ ದಿಮ್ಮಿಗಳನ್ನು ಒಳಕ್ಕೆ ಎಳೆದುಕೊಳ್ಳಬೇಕು. ಅದು ಹೊಸಬರ ಕೆಲಸ. ನಾವು ನಾಲ್ವರು: ಮಾವ, ಬೆಟ್ಟಕುರುಬರ ಒಬ್ಬ ಅಣ್ಣ, ಕುಟ್ಟದ ಕಡೆಯ ಮಲಯಾಳ ಮಾತಾಡುವ ಹುಡುಗ, ನಾನು. ನಮ್ಮ ಬೀಟಿನ, ಅಂದರೆ ಅಷ್ಟು ಪಾಲು ಕಾಡಿನ, ಗಾರ್ಡ್ ಸಾಹೇಬರು ಬಂದು ಹೋಗುತ್ತಿದ್ದರು. ಒಬ್ಬರದು ಯರವ ಮಾತು, ಇನ್ನೊಬ್ಬರದು ಕುರುಬ ಮಾತು, ಮತ್ತೊಬ್ಬನದು ಮಲಯಾಳ. ಜಗಳ ಮಾತ್ರ ಕನ್ನಡದಲ್ಲಿ, ಎಲ್ಲರಿಗೂ ಅರ್ಥವಾಗಬೇಕಲ್ಲ. ಊಟಕ್ಕೆ ಅನ್ನ, ಒಣಮೀನು, ಸೂಜಿಮೆಣಸಿನ ಚಟ್ನಿ, ಬೆಲ್ಲದ ಕರಿಕಾಫಿ. ಅವ್ವ ಕಟ್ಟಿಕೊಟ್ಟಿದ್ದ ರಾಗಿಹಿಟ್ಟಿನಲ್ಲಿ ನಾನು ಒಂದು ಸಂಜೆ ಮುದ್ದೆ ತಿರುವಿದೆ. ಕುಟ್ಟದ ಹುಡುಗ ಅದನ್ನು ಅಗಿಯಲು ಹೋಗಿ ಒದ್ದಾಡಿದ್ದನ್ನು ಬಿಟ್ಟರೆ ಅದರಿಂದ ಯಾರಿಗೂ ಹೆಚ್ಚಿನ ಪ್ರಯೋಜನವಾಗಲಿಲ್ಲ.

ಮೊದಲ ರಾತ್ರಿ ನಿದ್ದೆ ಬರಲಿಲ್ಲ. ಗಾಳಿ ತಗಡನ್ನು ಎತ್ತಿ ಎತ್ತಿ ಇಡುತ್ತಿತ್ತು. ಸೋಲಾರ್ ದೀಪದಲ್ಲಿ ಕಪಾಟಿನ ಮೇಲಿದ್ದ ರಿಜಿಸ್ಟರ್ ತೆಗೆದು ನೋಡಿದೆ. ದಿನಾಂಕ, ಗಸ್ತು ತಿರುಗಿದ ಜಾಗ, ಷರಾ ಎಂದು ಮೂರು ಕಲಂ. ಹಿಂದಿನ ವರ್ಷದ ಷರಾ ಕಲಮಿನಲ್ಲಿ ಫೆಬ್ರವರಿ ಒಂದರಿಂದ ಶುರುವಾಗಿ ಪುಟದ ಮೇಲೆ ಪುಟ ಒಂದೇ ಸಾಲು: "ಬೆಂಕಿ ಕಂಡುಬಂದಿಲ್ಲ." ಕೈಬರಹ ಬದಲಾದರೂ ಸಾಲು ಬದಲಾಗಿರಲಿಲ್ಲ. ಇದಕ್ಕಾಗಿ ಇಷ್ಟು ದೂರ ಬಂದೆನೇ ಎನ್ನಿಸಿ, ರಿಜಿಸ್ಟರನ್ನು ತಲೆಯ ಕೆಳಗಿಟ್ಟುಕೊಂಡು ಮಲಗಿದೆ. ದಿಂಬೂ ಇರಲಿಲ್ಲ.

ಬೆಳಿಗ್ಗೆ ನನ್ನ ಕೈಗೆ ಬಂದದ್ದು ಬೆಂಕಿಪೊಟ್ಟಣ. ಬೆಂಕಿ ತಡೆಯಲು ಬಂದವನಿಗೆ ಬೆಂಕಿಪೊಟ್ಟಣ! ಕಾಗದದಲ್ಲಿ ಅದಕ್ಕೆ ಬೆಂಕಿ ರೇಖೆ ಎನ್ನುತ್ತಾರೆ, ಬಾಯಿಮಾತಿನಲ್ಲಿ ಬರೀ ಲೈನು. ಗುಡ್ಡದ ಏಣಿನುದ್ದಕ್ಕೂ, ಕಾಲುದಾರಿಗಳ ಬದಿಯಲ್ಲಿ, ಕಾಡಿನ ಗಡಿಯಲ್ಲಿ ಹುಲ್ಲನ್ನು ಪಟ್ಟೆಯಾಗಿ ಸವರಿ ಒಣಗಲು ಬಿಟ್ಟು, ಇಬ್ಬನಿ ಆರುವ ಮೊದಲು ಅದನ್ನು ನಾವೇ ಸುಡಬೇಕು. ನಾಳೆ ನಿಜವಾದ ಬೆಂಕಿ ಬಂದರೆ ಆ ಪಟ್ಟೆಯಲ್ಲಿ ಅದಕ್ಕೆ ತಿನ್ನಲು ಏನೂ ಸಿಗಬಾರದು. ಎರಡೂ ಅಂಚಿನಲ್ಲಿ ಒಬ್ಬೊಬ್ಬರು ಹಸಿಸೊಪ್ಪಿನ ಕೊಂಬೆ ಹಿಡಿದು ನಿಲ್ಲುತ್ತಾರೆ, ನಡುವೆ ಒಬ್ಬ ಹಚ್ಚುತ್ತಾ ಹೋಗುತ್ತಾನೆ. ಮಾವನ ಕಾಯಿದೆ ಒಂದೇ: "ಹುಲ್ಲಿನ ಬುಡಕ್ಕೆ ಕೈ ಹಾಕು. ತಣ್ಣಗಿದ್ದರೆ ಹಚ್ಚು. ಬಿಸಿಲು ಮುಟ್ಟಿದ್ದರೆ ನಿಲ್ಲಿಸು." ಗಡಿಯಾರದಲ್ಲಿ ಅದು ಸುಮಾರು ಒಂಬತ್ತು ಗಂಟೆ.

ಎರಡು ವಾರ ಚೆನ್ನಾಗಿಯೇ ನಡೆಯಿತು. ಸೌದೆ ನೂಕಿ ಪಳಗಿದ ಕೈ. ಜ್ವಾಲೆ ಎಷ್ಟು ಏಳುತ್ತದೆ, ಯಾವಾಗ ಇಳಿಯುತ್ತದೆ ಎಂದು ನೋಡಿದೊಡನೆ ಹೇಳುತ್ತಿದ್ದೆ. ಅಣ್ಣ ಕೂಡ ಒಮ್ಮೆ ತಲೆದೂಗಿದ. ಮೂರನೇ ವಾರದ ಆ ಬೆಳಿಗ್ಗೆ ಪೂರ್ವದ ಇಳಿಜಾರಿನಲ್ಲಿ ನಾನೂ ಕುಟ್ಟದ ಹುಡುಗನೂ ಇದ್ದೆವು. ಮಾವ ಮೇಲಿನಿಂದ ಸಾಕು ಎಂದು ಕೈಬೀಸಿದರು. ಇನ್ನೊಂದು ತಿರುವು ಬಾಕಿ ಇತ್ತು, ನೂರು ಹೆಜ್ಜೆಯೂ ಇಲ್ಲ. ನಾಳೆ ಇದಕ್ಕಾಗಿಯೇ ಮತ್ತೆ ಇಷ್ಟು ದೂರ ಬರಬೇಕಲ್ಲ ಎಂದು ಹಚ್ಚಿಬಿಟ್ಟೆ.

ಬ್ಯಾರನ್ನಿನ ಬೆಂಕಿ ಕೊಳವೆಯೊಳಗಿನ ಬೆಂಕಿ. ಗಾಳಿ ಎಷ್ಟು ಬೇಕೋ ಅಷ್ಟನ್ನು ನಾವೇ ಬಿಡುತ್ತೇವೆ. ಗುಡ್ಡದ ಬೆಂಕಿಗೆ ಗುಡ್ಡವೇ ಕೊಳವೆ. ಬಿಸಿಲು ಬಿದ್ದ ಇಳಿಜಾರಿನಲ್ಲಿ ಗಾಳಿ ಕಾದು ಮೇಲಕ್ಕೆ ಏರಲು ತೊಡಗುತ್ತದೆ, ಬೆಂಕಿಯನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ಜ್ವಾಲೆ ನೆಟ್ಟಗೆ ನಿಲ್ಲದೆ ಮೇಲಿನ ಹುಲ್ಲಿನ ಕಡೆಗೆ ಬಾಗಿ, ಮುಟ್ಟುವ ಮೊದಲೇ ಅದನ್ನು ಒಣಗಿಸಿ ಸಿದ್ಧಮಾಡಿಟ್ಟುಕೊಳ್ಳುತ್ತದೆ. ಬಯಲಿನಲ್ಲಿ ಓಡುವ ಬೆಂಕಿಗಿಂತ ಏರಿನಲ್ಲಿ ಓಡುವ ಬೆಂಕಿ ಜೋರು, ಅದಕ್ಕೆ ಇದೇ ಕಾರಣ. ಈಗ ಬರೆಯುವಾಗ ಸಲೀಸಾಗಿ ಬರುತ್ತದೆ. ಆಗ ಕೇಳಿಸಿದ್ದು ಸಂತೆಯಲ್ಲಿ ನೂರು ಜನ ಒಟ್ಟಿಗೆ ಹೊಸ ಬಟ್ಟೆ ಹರಿದಂಥ ಸದ್ದು ಮಾತ್ರ. ಪಟ್ಟೆಯ ಆಚೆ ಬದಿಯಲ್ಲಿ ಒಂದು ಗುಪ್ಪೆ ಹುಲ್ಲು ಹತ್ತಿಕೊಂಡಿತು, ಕೊಂಬೆಯಿಂದ ಬಡಿದೆ. ಬಡಿದ ರಭಸಕ್ಕೆ ಕಿಡಿ ಎರಡು ಮಾರು ಮೇಲೆ ಬಿತ್ತು. ಅಲ್ಲಿಂದ ಅದು ನನ್ನ ಕೈ ಮೀರಿತು.

ಮಾವ ಕೂಗಲಿಲ್ಲ. ಕೆಳಕ್ಕೆ ನಮ್ಮ ಕಡೆಗೂ ಓಡಿಬರಲಿಲ್ಲ, ಅಡ್ಡಲಾಗಿ ಓಡಿದರು. ಮೇಲಿನ ಕಾಲುದಾರಿಯಲ್ಲಿ ನಿಂತು, ಬರುತ್ತಿರುವ ಬೆಂಕಿಗೆ ಎದುರಾಗಿ ತಾವೇ ಹುಲ್ಲಿಗೆ ಬೆಂಕಿ ಹಚ್ಚಿದರು. ಅಣ್ಣ ಅದು ದಾರಿ ದಾಟದಂತೆ ಹಿಂದೆ ಸೊಪ್ಪು ಹಿಡಿದು ನಿಂತ. ಎರಡು ಬೆಂಕಿಗಳು ನಡುವೆ ಸಂಧಿಸಿದವು, ಒಮ್ಮೆ ಆಳೆತ್ತರಕ್ಕೆ ಎದ್ದವು, ತಿನ್ನಲು ಏನೂ ಇಲ್ಲದೆ ಕೂತವು. ಉಳಿದದ್ದು ಬಲಕ್ಕೆ ಹೊರಳಿದ ಒಂದು ಕವಲು. ಅದು ಕೊಲ್ಲಿಯ ಕಾಡಿನ ಕಡೆಗೆ ಸರಿಯುತ್ತಿತ್ತು. ನಾನು ಅದರ ಹಿಂದೆ ಓಡಿದೆ. ಕಾಡು ಹೊತ್ತಿಕೊಂಡರೆ ಮುಗಿಯಿತು ಎಂದು ನನ್ನ ಎದೆ ಬಾಯಿಗೆ ಬಂದಿತ್ತು.

ಕಾಡು ಹೊತ್ತಿಕೊಳ್ಳಲಿಲ್ಲ. ಮೂರು ಮಾರು ದೂರದಿಂದ ನೋಡಿದ್ದನ್ನು ಹೇಳುತ್ತೇನೆ. ಅಂಚಿನ ಜರಿಗಿಡಗಳು ಮೊದಲು ಮುದುಡಿದವು, ಕಪ್ಪಾದವು. ಬೆಂಕಿ ಅವುಗಳ ಕೆಳಗಿನ ತರಗೆಲೆಗೆ ಬಾಯಿ ಹಾಕಿತು. ಅಲ್ಲಿಯವರೆಗೆ ತಿಳಿಯಾಗಿದ್ದ ಹೊಗೆ ಒಮ್ಮೆಲೇ ದಪ್ಪಗೆ, ಬೆಳ್ಳಗೆ, ಅಕ್ಕಿ ಬೇಯುವ ಮಡಕೆಯ ಆವಿಯಂತಾಯಿತು. ಸೊಂಟದೆತ್ತರದ ಜ್ವಾಲೆ ಮೊಣಕಾಲಿಗೆ ಇಳಿಯಿತು, ಆಮೇಲೆ ಹಿಮ್ಮಡಿಗೆ. ಕೊನೆಗೆ ಒಂದು ಎಲೆಯ ಅಂಚಿನಲ್ಲಿ ಕೆಂಪು ದಾರದಂತೆ ನಿಧಾನ ಹರಿದು, ಎಲೆಯ ತೊಟ್ಟಿನ ತನಕ ಬಂದು ನಿಂತಿತು. ನಾನು ಆ ಎಲೆಯನ್ನು ಸರಿಸಿ ಕೈ ಇಟ್ಟೆ. ಅದರ ಕೆಳಗೆ ಇನ್ನೊಂದು ಎಲೆ, ಅದರ ಕೆಳಗೆ ಮತ್ತೊಂದು, ಅರ್ಧ ಕೊಳೆತದ್ದು, ಆ ಮೇಲೆ ಕರಿಮಣ್ಣು. ಬೆರಳು ಗೆಣ್ಣಿನ ತನಕ ಒಳಗೆ ಹೋಯಿತು. ಮೇಲೆ ಗುಡ್ಡ ಉರಿಯುತ್ತಿದೆ, ಮಣ್ಣು ಮಾತ್ರ ಹೂಜಿಯ ಹೊಟ್ಟೆಯಂತೆ ತಣ್ಣಗೆ. ಬೆರಳು ತೆಗೆದ ಗುಳಿಯಲ್ಲಿ ನೋಡನೋಡುತ್ತಾ ನೀರು ಜಿನುಗಿ ತುಂಬಿತು.

ಮಾವ ಹಿಂದೆ ಬಂದು ನಿಂತಿದ್ದರು. "ನಿಮ್ಮೂರಿಗೆ ಹೋಗುವ ನೀರು" ಎಂದರು. ಹೀಗೆ ಸುಟ್ಟಾಗಲೆಲ್ಲ ಕಾಡಿನ ಅಂಚು ಸ್ವಲ್ಪ ಸ್ವಲ್ಪ ಒಳಕ್ಕೆ ಸರಿಯುತ್ತದೆ, ಸರಿದ ಅಂಚು ಹಿಂದಕ್ಕೆ ಬರುವುದು ತಮ್ಮ ಕಾಲದಲ್ಲಿ ಕಾಣಲಿಲ್ಲ ಎಂದೂ ಹೇಳಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಸುಟ್ಟದ್ದು ಸುಮಾರು ಎರಡು ಎಕರೆ ಹುಲ್ಲು. ಮಧ್ಯಾಹ್ನದ ಮೇಲೆ ವಾಕಿಟಾಕಿ ಗರಗರ ಎಂದಿತು. ನಮ್ಮ ಬೀಟಿನಲ್ಲಿ ಬೆಂಕಿ ಇದೆಯಂತೆ, ಉಪಗ್ರಹದಿಂದ ಸೂಚನೆ ಬಂದಿದೆ, ಹೋಗಿ ನೋಡಿ ಎಂದರು. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ 2004ರಿಂದ ಈ ಸೂಚನೆ ಕೊಡುವ ಕೆಲಸ ಮಾಡುತ್ತಿದೆ. ಉಪಗ್ರಹದ ಕಣ್ಣಿಗೆ ನೆಲವೆಲ್ಲ 375 ಮೀಟರ್ ಉದ್ದಗಲದ ಚೌಕಗಳು. ಯಾವ ಚೌಕ ಸುತ್ತಲಿನದಕ್ಕಿಂತ ಹೆಚ್ಚು ಬಿಸಿಯಾಗಿದೆಯೋ ಅಲ್ಲಿ ಬೆಂಕಿ ಇರಬಹುದು ಎಂದು ಲೆಕ್ಕ. ನಾಲ್ಕೈದು ನೂರು ಮೈಲಿ ಎತ್ತರದಿಂದ ನನ್ನ ತಪ್ಪು ಕಂಡಿತ್ತು. ಮಾವ ಆಕಾಶ ನೋಡಿ, "ಮೇಲಿನವರಿಗೂ ಗೊತ್ತಾಯಿತು. ಇನ್ನು ಬರೆಯಲೇಬೇಕು" ಎಂದರು.

ಓದಿದವನು ನಾನೊಬ್ಬನೇ ಆದ್ದರಿಂದ ರಿಜಿಸ್ಟರ್ ಬರೆಯುವ ಕೆಲಸವೂ ನನ್ನದೇ ಆಗಿತ್ತು. ಷರಾ ಕಲಮಿನಲ್ಲಿ ಆರು ಸಾಲು ಬರೆದೆ. ಓದು ಎಂದರು, ಓದಿದೆ: "ಬೆಂಕಿ ರೇಖೆ ಸುಡುವಾಗ ಹಠಾತ್ತನೆ ಗಾಳಿ ಎದ್ದ ಕಾರಣ..." ಮಾವ ಅಲ್ಲಿಗೇ ತಡೆದರು. "ಗಾಳಿ ದಿನಾ ಏಳುತ್ತದೆ. ನಿಲ್ಲಿಸದವನು ನೀನು. ಅದನ್ನು ಬರೆ." ಸಾಲು ಹೊಡೆದು ಹಾಕಿ ಮತ್ತೆ ಬರೆದೆ. ಮರುದಿನ ಗಾರ್ಡ್ ಸಾಹೇಬರು ಬಂದು ಓದಿದರು. ಬೈಗುಳ ಸಿಕ್ಕಿತು, ಸಿಗಬೇಕಾದದ್ದೇ. ಎಲ್ಲ ಬೈದು ಮುಗಿಸಿ ಹೊರಡುವಾಗ, 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡ್ಗಿಚ್ಚು ಆರಿಸಲು ಹೋಗಿ ಪ್ರಾಣ ಬಿಟ್ಟ ಗಾರ್ಡ್ ಒಬ್ಬರ ಮಾತು ತೆಗೆದರು. "ಅವರೂ ನಿನ್ನ ಹಾಗೆ ಹುಡುಗರೇ" ಎಂದಷ್ಟೇ ಹೇಳಿ ಕಂದಕ ದಾಟಿದರು.

ಆ ನಂತರದ್ದೆಲ್ಲ ಕಾಯುವುದೇ, ಎರಡನೇ ಅರ್ಥದಲ್ಲಿ. ಬೆಳಗಿನಿಂದ ಸಂಜೆಯವರೆಗೆ ಎತ್ತರದ ಬಂಡೆಯ ಮೇಲೆ ಕೂತು ಹೊಗೆ ನೋಡುವುದು. ಹೊಗೆ ಹೊಗೆಗೂ ವ್ಯತ್ಯಾಸವಿದೆ ಎಂದು ಅಲ್ಲಿ ಕಲಿತೆ. ಬೆಳಿಗ್ಗೆ ಆರಕ್ಕೆ ಕೆಳಗಿನ ತೋಟಗಳಲ್ಲಿ ಕೂಲಿಯವರಿರುವ ಲೈನ್ ಮನೆಗಳಿಂದ ಏಳುವ ಹೊಗೆಗಳನ್ನು ಮೊದಲು ಎಣಿಸಿ ಇಟ್ಟುಕೊಳ್ಳಬೇಕು, ಮನೆಯ ಜನರನ್ನು ಎಣಿಸಿದ ಹಾಗೆ. ಎಣಿಕೆಗೆ ಸಿಗದ ಹೊಗೆ ಕಂಡರೆ ಹತ್ತು ನಿಮಿಷ ಅದನ್ನೇ ನೋಡಬೇಕು. "ಮನೆಯ ಹೊಗೆ ಕೂತಿರುತ್ತದೆ, ಕಾಡಿನ ಹೊಗೆ ನಡೆಯುತ್ತದೆ" ಎನ್ನುತ್ತಿದ್ದರು ಮಾವ. ಬಿದಿರಿಗೆ ಬಿದಿರು ಉಜ್ಜಿ ಬೆಂಕಿ ಹುಟ್ಟುತ್ತದೆ ಎಂದು ಶಾಲೆಯಲ್ಲಿ ಓದಿದ್ದನ್ನು ಅವರಿಗೆ ಹೇಳಿದೆ. ಅವರು ತುಂಬಾ ಹೊತ್ತು ನಕ್ಕರು. ಅವರು ಕಂಡ ಬೆಂಕಿಗಳಿಗೆಲ್ಲ ಎರಡು ಕಾಲಿತ್ತಂತೆ: ಹೊಸ ಹುಲ್ಲು ಬರಲೆಂದು ದನದವರು ಹಚ್ಚಿದ್ದು, ಬಿದ್ದ ಕಡವೆ ಕೊಂಬು ಸುಲಭವಾಗಿ ಸಿಗಲೆಂದು ಹಚ್ಚಿದ್ದು, ಬೀಡಿ, ಸಿಟ್ಟು.

ಹಾಗೆಂದು ಮಾವ ಬೆಂಕಿಯ ವೈರಿಯಲ್ಲ. ಅವರ ಅಪ್ಪನ ಕಾಲದಲ್ಲಿ ಚಳಿಗಾಲ ಮುಗಿಯುವ ಮೊದಲೇ, ನೆಲ ಇನ್ನೂ ಹಸಿ ಇರುವಾಗ ಕೆಳಗಿನ ಕಾಡಿನ ತರಗನ್ನು ಅಲ್ಲಲ್ಲಿ ಸುಡುತ್ತಿದ್ದರಂತೆ. ಅದು ಹಿಮ್ಮಡಿ ದಾಟದ ಬೆಂಕಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಇದಕ್ಕೆ ತರಗು ಬೆಂಕಿ ಎಂಬ ಹೆಸರೇ ಇದೆ. ಅದು ನಿಂತ ಮೇಲೆ ಅಲ್ಲಿ ಲಂಟಾನ ಹೆಚ್ಚಿತು ಎಂದು ಸೋಲಿಗರು ಹೇಳುತ್ತಾ ಬಂದಿದ್ದಾರೆ. 1972ರ ವನ್ಯಜೀವಿ ಕಾಯಿದೆಯ ನಂತರ ಧಾಮಗಳಲ್ಲಿ ಬೆಂಕಿ ಹಚ್ಚುವುದು ಅಪರಾಧ. ಕಾಯಿದೆ ತಪ್ಪೆಂದು ನಾನು ಹೇಳಲಾರೆ, ಒಂಬತ್ತು ಗಂಟೆಗೆ ನಿಲ್ಲಿಸದ ನನ್ನಂಥವರೂ ಇದ್ದೇವೆ. ಆದರೆ ಹುಲ್ಲಿನ ಬುಡ ಮುಟ್ಟಿ ಹೊತ್ತು ಹೇಳುವ ಕೈಗಳನ್ನು ಬರೀ ದಿನಗೂಲಿಗೆ ಕರೆಯುತ್ತೇವಲ್ಲ, ಅದು ನನಗೆ ಈಗಲೂ ಸರಿಕಾಣುವುದಿಲ್ಲ.

ಶಿವರಾತ್ರಿಗೆ ಇರ್ಪುವಿನಲ್ಲಿ ಜನಜಾತ್ರೆ. ಜಲಪಾತದಲ್ಲಿ ಮಿಂದರೆ ಪಾಪ ಹೋಗುತ್ತದೆಂದು ಎಲ್ಲೆಲ್ಲಿಂದಲೋ ಬರುತ್ತಾರೆ. ನಮ್ಮನ್ನು ಎರಡು ದಿನ ಕೆಳಗಿಳಿಸಿ, ಕಾಡಿನಂಚಿನಲ್ಲಿ ಅಡುಗೆಗೆ ಒಲೆ ಹೂಡುವವರನ್ನು ಎಬ್ಬಿಸಲು ನಿಲ್ಲಿಸಿದರು. ಹುಣಸೂರಿನ ಒಂದು ಕುಟುಂಬವೂ ಸಿಕ್ಕಿತು. ಊರಿನವನೇ ಹೀಗೆ ಒಲೆ ಆರಿಸುತ್ತಾನಲ್ಲ ಎಂದು ಬೇಸರಪಟ್ಟುಕೊಂಡರು.

ಊರಿಗೆ ಫೋನು ಮಾಡಬೇಕೆಂದರೆ ಏಣಿನ ಒಂದು ಬಂಡೆಯ ಮೇಲೆ ನಿಲ್ಲಬೇಕು. ಅಲ್ಲಿ ಸಿಗುತ್ತಿದ್ದುದು ಕೇರಳದ ಕಡೆಯ ಗೋಪುರ. ಅವ್ವ ನನಗೆ ಫೋನು ಮಾಡಿದಾಗಲೆಲ್ಲ ಮಲಯಾಳದಲ್ಲಿ ಒಬ್ಬ ಹೆಂಗಸು ಏನೋ ಹೇಳುತ್ತಿದ್ದಳಂತೆ. ನಾಲ್ಕನೇ ಸಲ ಅವ್ವ, "ಅವಳು ಯಾರು ಎಂದು ನಿಜ ಹೇಳಿಬಿಡು" ಎಂದಳು. ಅವಳು ಯಾರೂ ಅಲ್ಲ, ನೀವು ಕರೆ ಮಾಡಿದವರು ವ್ಯಾಪ್ತಿಯ ಹೊರಗಿದ್ದಾರೆ ಎಂದು ಹೇಳುವವಳು ಎಂದು ನಂಬಿಸಲು ಒಂದು ವಾರ ಹಿಡಿಯಿತು.

ಮಾರ್ಚಿಯಲ್ಲಿ ಒಂದು ಸಂಜೆ ಕೆಳಗಿನ ತೋಟಗಳ ಮೇಲೆ ಮಳೆ ಬಿದ್ದದ್ದನ್ನು ಮೇಲಿನಿಂದ ನೋಡಿದೆವು. ನಮ್ಮ ಮೇಲೆ ಒಂದು ಹನಿಯೂ ಇಲ್ಲ. ಕೊಡಗಿನಲ್ಲಿ ಅದಕ್ಕೆ ಹೂಮಳೆ ಎನ್ನುತ್ತಾರೆ. ಅದು ಬಿದ್ದ ವಾರ ಹತ್ತು ದಿನಕ್ಕೆ ಕಾಫಿ ಹೂ ಬಿಡುತ್ತದೆ. ಒಂಬತ್ತನೇ ದಿನ ಬಂಡೆಯ ಮೇಲೆ ಕೂತಿದ್ದೆ. ಒಂಬತ್ತು ಗಂಟೆ ದಾಟಿತು, ಇಳಿಜಾರಿಗೆ ಬಿಸಿಲು ಬಿತ್ತು, ಗಾಳಿ ಎದ್ದಿತು. ನನ್ನ ಎರಡು ಎಕರೆ ಸುಟ್ಟ ಗಾಳಿಯೇ. ಅದರ ಜೊತೆಗೆ ಮಲ್ಲಿಗೆಯಂಥ ಘಮ ಗುಡ್ಡ ಹತ್ತಿ ಬಂತು. ಕೆಳಗೆ ಕಣ್ಣು ಹಾಯಿಸಿದರೆ ತೋಟಗಳೆಲ್ಲ ಸುಣ್ಣ ಬಳಿದಂತೆ ಬೆಳ್ಳಗಿದ್ದವು. ಹೆಚ್ಚೆಂದರೆ ಮೂರು ನಾಲ್ಕು ದಿನ, ಆಮೇಲೆ ಹೂ ಕಂದುಬಣ್ಣಕ್ಕೆ ತಿರುಗುತ್ತದೆ. ಆ ಮೂರು ದಿನವೂ ನಾನು ಒಂಬತ್ತಾಗುವುದನ್ನೇ ಕಾದೆ.

ಏಪ್ರಿಲ್ ಕೊನೆಗೆ ನಮ್ಮ ಮೇಲೂ ಮಳೆ ಬಿತ್ತು. ಗಂಟುಮೂಟೆ ಕಟ್ಟಲು ಹೊರಟವನನ್ನು ಮಾವ ತಡೆದರು. ಒಂದು ಮಳೆ ಹುಲ್ಲಿನ ತುದಿಯನ್ನಷ್ಟೇ ತೋಯಿಸುತ್ತದೆ, ಎರಡು ದಿನದ ಬಿಸಿಲಿಗೆ ಮತ್ತೆ ಒಣಗುತ್ತದೆ. ದಿನವೂ ಅವರು ಹುಲ್ಲಿನ ಬುಡ ತಿರುಚಿ ನೋಡುತ್ತಿದ್ದರು. ನಾನು ಸುಟ್ಟ ಇಳಿಜಾರಿನಲ್ಲಿ ಎಲ್ಲಕ್ಕಿಂತ ಮೊದಲು ಎಳೆಹುಲ್ಲು ಬಂತು, ಒಂದು ಬೆಳಿಗ್ಗೆ ಅಲ್ಲಿ ಏಳು ಕಾಟಿಗಳು ಮೇಯುತ್ತಿದ್ದವು. ಅವುಗಳಿಗೆ ನನ್ನ ಮೇಲೆ ಯಾವ ದೂರೂ ಇದ್ದಂತಿರಲಿಲ್ಲ. ಮೇ ಎರಡನೇ ವಾರ ಮಾವ ತಿರುಚಿದ ಹುಲ್ಲು ಮುರಿಯದೆ ಬಾಗಿತು. "ಸಾಕು, ಬರೆ" ಎಂದರು. ಷರಾ ಕಲಮಿನಲ್ಲಿ ಎಂಬತ್ತಕ್ಕೂ ಹೆಚ್ಚು ಸಲ "ಬೆಂಕಿ ಕಂಡುಬಂದಿಲ್ಲ" ಎಂದು ಬರೆದ ಕೈಯಲ್ಲಿ "ಮಳೆ" ಎಂದು ಬರೆದೆ. ಅಕ್ಷರ ಸ್ವಲ್ಪ ದೊಡ್ಡದಾಯಿತು.

ವಾಪಸು ಬರುವಾಗ ಹುಣಸೂರಿನ ಸೇತುವೆಯ ಮೇಲೆ ಬಸ್ಸು ನಿಂತಿತ್ತು, ಮುಂದೆ ಲಾರಿಗಳ ಸಾಲು. ಕಿಟಕಿಯಿಂದ ಬಗ್ಗಿ ನೋಡಿದೆ. ಅದೇ ಹಸಿರು ನೀರು, ಅದೇ ಜೊಂಡು. ಬೆರಳಿನ ಗುಳಿಯಲ್ಲಿ ತುಂಬಿದ ನೀರು ಇಲ್ಲಿಗೆ ಬಂದು ಇದಾಗುವ ನಡುವೆ ಏನೇನು ಆಗುತ್ತದೆಂದು ನನಗೆ ಹೇಳುವವರು ಬೇಕಿರಲಿಲ್ಲ, ಅರ್ಧ ದಾರಿ ಬಸ್ಸಿನಲ್ಲಿ ಕೂತೇ ನೋಡಿದ್ದೆ.

ಮನೆಗೆ ಬರುವ ಹೊತ್ತಿಗೆ ಅಪ್ಪ ಆ ವರ್ಷದ ಬ್ಯಾರನ್ ಸೌದೆ ಇಳಿಸಿಕೊಳ್ಳುತ್ತಿದ್ದರು. ನಾನೂ ಬ್ಯಾಗು ಜಗುಲಿಯ ಮೇಲಿಟ್ಟು ಕೈಹಾಕಿದೆ. ಮೂರನೇ ದಿಮ್ಮಿಗೇ ಗೊತ್ತಾಯಿತು, ಸಿಲ್ವರ್ ಓಕ್. ಕಾಫಿ ತೋಟದ ನೆರಳುಮರ, ಕೊಡಗಿನ ಲಾರಿ. ಡ್ರೈವರ್ ಚೀಟಿ ಮುಂದೆ ಹಿಡಿದ, ಲೆಕ್ಕವೆಲ್ಲ ಸರಿಯಾಗಿತ್ತು. ಆಗಸ್ಟಿನಲ್ಲಿ ಮೊದಲ ಗೂಡು ತುಂಬಿದ ರಾತ್ರಿ ಒಲೆಬಾಯಿಯ ಮುಂದೆ ನನ್ನ ಪಾಳಿ. ಥರ್ಮಾಮೀಟರ್ ನೂರರ ಹತ್ತಿರ ಇತ್ತು, ಸೊಪ್ಪು ಹಳದಿಗೆ ತಿರುಗುತ್ತಿತ್ತು. ಅವ್ವ ಕಾಫಿ ತಂದು ಕೊಟ್ಟು, "ಏನೋ ಅದು, ಆಗಿನಿಂದ ಎದ್ದೆದ್ದು ಹೊರಗೆ ಹೋಗಿ ಏನು ನೋಡುತ್ತೀಯ?" ಎಂದಳು. ಗಾಳಿ ಎಂದೆ.